ಫ್ಯಾನ್ ಆರಿಸಿ ಮದ್ದು ತೂಗುತ್ತಿದ್ದವರು

ಹೋದ ಶುಕ್ರವಾರ ನಿಮ್ಮ ಅಪ್ಪ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ತಮ್ಮ ಅಜ್ಜನ ರಿವಾಲ್ವರಿನ ಚರ್ಮದ ಚೀಲ ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೋದರು. ನೀವಿಬ್ಬರೂ ಕಿಟಕಿಯ ಸರಳಿಗೆ ಮೂತಿ ಒತ್ತಿ ನೋಡುತ್ತಿದ್ದಿರಿ.

"ಅಜ್ಜಿ, ಪಪ್ಪಾನ್ನ ಪೊಲೀಸ್ ಹಿಡಿತಾರಾ?" ಎಂದು ಚಿಕ್ಕವಳು ಕೇಳಿದಳು.

"ಅದು ಟಾರ್ಚ್ ಅಜ್ಜನ ಡಬ್ಬಿ. ಅದರಾಗ ಬಾಂಬ್ ಅದ" ಎಂದು ದೊಡ್ಡವನು ಅವಳನ್ನು ಹೆದರಿಸಿದ.

ನಾನು "ಏನಿಲ್ಲ, ಸುಮ್ಮನ ಉಣ್ರಿ" ಎಂದು ಗದರಿಸಿದೆ. ಎದುರು ಕೂತು ಕಥೆ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆಗೆದರೆ ನನ್ನ ದನಿ ನನಗೇ ಬೇರೆಯವರದು ಅನಿಸುತ್ತದೆ. ಅಥಣಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು. ಆದರೆ ಕಾಗದ ಎದುರಿಗಿದ್ದರೆ ನಾಚಿಕೆ ಅಷ್ಟಾಗಿ ಕಾಡುವುದಿಲ್ಲ. ನಿಮಗೆ ನಿಧಾನವಾಗಿಯಾದರೂ ಕನ್ನಡ ಓದಲು ಬರುತ್ತದೆ. ಆದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ. ಡಬ್ಬಿಯಲ್ಲಿ ಬಾಂಬ್ ಇರಲಿಲ್ಲ. ಆದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ.

ಹೋದ ತಿಂಗಳು ತೀರಿಕೊಂಡ ಮೇಲಿನ ಮನೆಯವರನ್ನು ನೀವು ಟಾರ್ಚ್ ಅಜ್ಜ ಎನ್ನುತ್ತಿದ್ದಿರಿ. ಅಂಗಿಯ ಜೇಬಿನಲ್ಲಿ ಸದಾ ಪೆನ್ನಿನಷ್ಟು ಸಣ್ಣ ಟಾರ್ಚ್. ಎಡಗೈಯಲ್ಲಿ ಅದನ್ನು ಹಿಡಿದು ಜಗತ್ತಿನ ಎಲ್ಲ ತೂತುಗಳನ್ನೂ ನೋಡುತ್ತಿದ್ದರು. ಲೆಟರ್ ಬಾಕ್ಸಿನ ಒಳಗೆ, ನಲ್ಲಿಯ ಬಾಯಿಗೆ, ಬೂಟಿನ ತುದಿಗೆ. ಚಿಕ್ಕವಳ ಹಲ್ಲು ಅಲುಗಾಡುತ್ತಿದ್ದಾಗ ಅವಳ ಬಾಯಿಯೊಳಗೂ ಬೆಳಕು ಬಿಟ್ಟು, "ಇದು ಬೀಳೂದಿಲ್ಲ, ನಾಟಕ ಮಾಡಾಕತ್ತದ" ಎಂದಿದ್ದರು. ಸಂಜೆಗೆ ಬಿತ್ತು.

ಈ ಮರಾಠಿ ಊರಿಗೆ, ಬಿಬವೇವಾಡಿಯ ಈ ಬಿಲ್ಡಿಂಗಿಗೆ ನಾನು ಬಂದದ್ದು ನಿಮ್ಮ ಅಜ್ಜ ಹೋದ ಮೇಲೆ. ನಿಮ್ಮ ಅಮ್ಮ ಅಪ್ಪ ಆಗಷ್ಟೇ ಮದುವೆಯಾಗಿ ಇಲ್ಲಿ ಮನೆ ಮಾಡಿದ್ದರು. ಹೊಸ ಜಾಗದಲ್ಲಿ ಹಗಲೆಲ್ಲ ಒಬ್ಬಳೇ ಇರುವ ಹೆಂಗಸಿನ ಕಿವಿ ತಾನಾಗಿ ಚುರುಕಾಗುತ್ತದೆ. ಮೇ ತಿಂಗಳು. ಇಡೀ ಬಿಲ್ಡಿಂಗಿನಲ್ಲಿ ಫ್ಯಾನು ಗರಗರ ಎನ್ನುತ್ತಿದ್ದರೆ ನಮ್ಮ ತಲೆಯ ಮೇಲಿನ ಮನೆಯಲ್ಲಿ ಮಾತ್ರ ಸದ್ದೇ ಇಲ್ಲ. ಹೊರಗೆ ನಿಂತು ನೋಡಿದರೆ ಅವರ ಕಿಟಕಿಗಳೆಲ್ಲ ಮುಚ್ಚಿದ್ದವು. ಮನೆಯಲ್ಲಿ ಇಲ್ಲವೇನೋ ಎಂದುಕೊಂಡರೆ ಸ್ವಲ್ಪ ಹೊತ್ತಿಗೆ ಮೇಲಿನಿಂದ ಟಕ್ ಎಂದು ಒಂದು ಸದ್ದು. ತುಸು ತಡೆದು ಇನ್ನೊಂದು ಟಕ್. ಯಾವುದೋ ಕಬ್ಬಿಣದ ಹಿಡಿ ಎಳೆದು ಬಿಟ್ಟ ಹಾಗೆ.

ಆ ಸೆಕೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಬ್ಬ ಗಂಡಸು ಏನು ಮಾಡುತ್ತಾನೆ? ಒಳ್ಳೆಯ ಕೆಲಸ ಮಾಡುವವನು ಯಾಕೆ ಕಿಟಕಿ ಮುಚ್ಚುತ್ತಾನೆ?

ನಿಮ್ಮ ಅಮ್ಮನಿಗೆ ಹೇಳಿದೆ. "ಅವ್ವಾ, ಅವರು ಮಿಲಿಟರಿ ಕ್ಯಾಂಪಿನ ಪ್ಯಾಟ್ಯಾಗ ಬಂದೂಕು ರಿಪೇರಿ ಮಾಡ್ತಿದ್ರಂತ. ಈಗ ಶೂಟಿಂಗ್ ಕ್ಲಬ್ಬಿನವರಿಗೆ ಗುಂಡು ತುಂಬಿ ಕೊಡ್ತಾರಂತ. ಲೈಸೆನ್ಸ್ ಅದ, ಗ್ವಾಡಿಗೆ ಹಾಕ್ಯಾರ" ಎಂದಳು. ನನಗೆ ಸಮಾಧಾನವಾಗುವ ಬದಲು ಹೆದರಿಕೆ ಹೆಚ್ಚಾಯಿತು. ನಮ್ಮ ತಲೆಯ ಮೇಲೆ ಬಂದೂಕಿನ ಮದ್ದು! ಅಂದಿನಿಂದ ಮೆಟ್ಟಿಲಲ್ಲಿ ಅವರು ಎದುರಾದರೆ ಸೆರಗು ಎಳೆದುಕೊಂಡು ಗೋಡೆಗೆ ಸರಿಯುತ್ತಿದ್ದೆ. ಅವರೂ ನನ್ನ ಕೈಯ ಚೀಲದ ಕಡೆ ಒಮ್ಮೆ ಕಣ್ಣು ಹಾಯಿಸಿ ಹೋಗುತ್ತಿದ್ದರು. ನನಗೆ ಅವರ ಮೇಲೆ ಅನುಮಾನ, ಅವರಿಗೆ ಎಲ್ಲರ ಮೇಲೆ ಅನುಮಾನ.

ಒಂದು ದಿನ ಬೇಳೆ ಬೇಯಲು ಇಟ್ಟಿದ್ದೆ. ಬಾಗಿಲು ಬಡಿದ ಸದ್ದು. ತೆಗೆದರೆ ಅವರೇ.

"ವೈನಿ, ಗ್ಯಾಸ್ ಬಂದ್ ಮಾಡ್ರಿ. ನಿಮ್ಮ ಕುಕ್ಕರ್ ಸುಳ್ಳು ಹೇಳಾಕತ್ತದ."

"ಏನ್ರಿ?"

"ಸೀಟಿ ಹೊಡದದ್ದು ಮ್ಯಾಲ ಕೇಳ್ತದ ನನಗ. ನಿನ್ನೆ ಬ್ಯಾರೆ ಇತ್ತು, ಇವತ್ತ ಬ್ಯಾರೆ. ಗಂಟಲು ಕಟ್ಟೇದ ಅದಕ್ಕ."

ಪರ ಗಂಡಸು ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಕುಕ್ಕರಿನ ಮೇಲೆ ದೂರು ಹೇಳುತ್ತಿದ್ದಾನೆ. ನಾಚಿಕೆಗಿಂತ ಸಿಟ್ಟು ಹೆಚ್ಚು ಬಂತು. ಆದರೂ ಗ್ಯಾಸ್ ಆರಿಸಿದೆ. ಕುಕ್ಕರ್ ಪೂರ್ತಿ ತಣ್ಣಗಾಗುವ ತನಕ ಅವರು ಬಾಗಿಲಲ್ಲೇ ನಿಂತರು, ಕೂರಿ ಎಂದರೂ ಕೂರಲಿಲ್ಲ. ಆಮೇಲೆ ಮುಚ್ಚಳ ತಿರುಗಿಸಿ ಆವಿ ಹೋಗುವ ತೂತಿಗೆ ಟಾರ್ಚ್ ಬಿಟ್ಟರು. ಒಳಗೆ ಬೇಳೆಯ ಸಿಪ್ಪೆಯೊಂದು ಅಡ್ಡ ಕೂತಿತ್ತು.

"ಸೀಟಿ ಬಂತಲ್ಲರಿ" ಎಂದೆ, ಸೋಲಬಾರದೆಂದು.

"ಬಂತು ಅಂದ್ರ ಎಲ್ಲಾ ಸರಿ ಅದ ಅಂತ ಅಲ್ರಿ. ಹೊರಗ ಬಂದ ಪ್ರೆಶರ್ ಅಷ್ಟs ಸೀಟಿ ಹೇಳ್ತದ. ಒಳಗ ಉಳದದ್ದು ಯಾರ್ ಹೇಳಬೇಕು?"

ಹೋಗುವಾಗ ನನ್ನ ಗ್ಯಾಸಿನ ಪೈಪು, ನೀರಿನ ಫಿಲ್ಟರ್, ಕಿಟಕಿಯ ಚಿಲಕ ಎಲ್ಲವನ್ನೂ ಅನುಮಾನಿಸಿಯೇ ಹೋದರು. ಮಜ್ಜಿಗೆ ಕೊಟ್ಟರೆ ಮೂಸಿ ನೋಡಿ ಕುಡಿದರು.

ಅವರು ಅನುಮಾನಿಸಿದ್ದೆಲ್ಲ ನಿಜವಾಗುತ್ತಿತ್ತು ಎಂದು ತಿಳಿಯಬೇಡಿ. ಒಮ್ಮೆ ತಮ್ಮ ಒಂದು ಚಪ್ಪಲಿ ಕಾಣೆಯಾದಾಗ ವಾಚಮನ್ ಮೇಲೆ ಸಂಶಯಪಟ್ಟು, ಎಂಟು ದಿನ ಅವನ ಕಾಲನ್ನೇ ನೋಡುತ್ತ ಓಡಾಡಿದರು. ಕಡೆಗೆ ಚಪ್ಪಲಿ ಸಿಕ್ಕದ್ದು ಪಾರ್ಕಿಂಗಿನ ನಾಯಿಯ ಬಳಿ. ವಾಚಮನ್ ಮರಾಠಿಯಲ್ಲಿ, "ಕಾಯ್ ಸಾಹೇಬ್, ಆತಾ ಕುತ್ರ್ಯಾಚೇ ಪಾಯ್ ಬಘಾ" ಎಂದ. ಇನ್ನು ನಾಯಿಯ ಕಾಲು ನೋಡಿ ಎಂದು. ಅವರು ನಗಲಿಲ್ಲ. "ನಾಯಿಗೆ ಯಾರ್ ಕೊಟ್ರು?" ಎಂದು ಕೇಳಿದರಂತೆ.

ಕುಕ್ಕರ್ ಪ್ರಸಂಗದ ಮೇಲೆ ನನ್ನ ಹೆದರಿಕೆ ಸ್ವಲ್ಪ ಇಳಿಯಿತು. ಒಮ್ಮೆ ನಿಮ್ಮ ಅಮ್ಮನ ಜೊತೆ ಅವರ ಮನೆಗೆ ಹೋಗಿ ಆ ಟಕ್ ಎನ್ನುವ ಯಂತ್ರವನ್ನು ಕಂಡೆ. ಶಾವಿಗೆ ಒತ್ತುವ ಒರಳಿನ ಹಾಗೆ ಮೇಜಿಗೆ ಬಿಗಿದಿದ್ದರು. ಖಾಲಿಯಾದ ಹಿತ್ತಾಳೆ ಕಾಡತೂಸನ್ನು ತೊಳೆದು, ಅದರೊಳಗೆ ಅಳತೆಯ ಮದ್ದು ಹಾಕಿ, ಬಾಯಿಗೆ ಸೀಸದ ಗುಂಡು ಕೂರಿಸುವುದು ಅವರ ಕೆಲಸ. ಮದ್ದು ತೂಗುವ ತಕ್ಕಡಿ ನಮ್ಮ ಅಕ್ಕಸಾಲಿಗರ ತಕ್ಕಡಿಗಿಂತ ಸೂಕ್ಷ್ಮ. ಫ್ಯಾನಿನ ಗಾಳಿ ಬಿದ್ದರೆ ಅದರ ಮುಳ್ಳು ಅಲುಗುತ್ತದೆ. ಆ ಮುಚ್ಚಿದ ಕಿಟಕಿ, ಆರಿಸಿದ ಫ್ಯಾನುಗಳ ಗುಟ್ಟು ಇಷ್ಟೇ! ನನಗೆ ನಗು ಬಂತು. ಅವರ ಬೆನ್ನು ಮಾತ್ರ ಬೆವರಿನಿಂದ ತೊಯ್ದಿತ್ತು.

ಕೂತ ಕೂಡಲೇ ಮೊದಲು ತಕ್ಕಡಿಯನ್ನೇ ಪರೀಕ್ಷೆ ಮಾಡುತ್ತಿದ್ದರು, ತೂಕ ಗೊತ್ತಿದ್ದ ಸಣ್ಣ ತೂಕದ ಕಲ್ಲೊಂದನ್ನು ಅದರಲ್ಲಿಟ್ಟು. ನಿನ್ನೆ ಸರಿಯಿತ್ತಲ್ಲ ಎಂದರೆ, "ನಿನ್ನಿಂದು ನಿನ್ನಿಗೆ" ಎನ್ನುತ್ತಿದ್ದರು. ಮೇಜಿನ ಮೇಲೆ ಒಂದೇ ಒಂದು ಮದ್ದಿನ ಡಬ್ಬಿ. ಎರಡು ಬಗೆಯ ಮದ್ದು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಉರಿಯುವ ವೇಗ ಬೇರೆ ಎಂದು. ಚೀಟಿ ಹರಿದುಹೋದ ಡಬ್ಬಿಯನ್ನು ಮುಟ್ಟುತ್ತಲೇ ಇರಲಿಲ್ಲ. ಮದ್ದು ಹಾಕಿದ ಕಾಡತೂಸುಗಳನ್ನು ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಒಂದೊಂದರ ಒಳಗೂ ಟಾರ್ಚ್ ಬಿಡುತ್ತಿದ್ದರು.

"ಏನ್ ನೋಡ್ತೀರಿ?" ಎಂದು ನಿಮ್ಮ ಅಮ್ಮ ಕೇಳಿದಳು.

"ಈ ದೊಡ್ಡ ರಿವಾಲ್ವರ್ ಅದಾವಲ್ಲ ತಂಗಿ, ಅವುಗಳ ಕಾಡತೂಸಿನ ಹೊಟ್ಟಿ ದೊಡ್ಡದು, ಊಟ ಸಣ್ಣದು. ಒಮ್ಮೆ ಹಾಕಿದ್ದು ಮರತು ಇನ್ನೊಮ್ಮೆ ಹಾಕಿದ್ರೂ ಚೆಲ್ಲಂಗಿಲ್ಲ, ಸುಮ್ಮನ ನುಂಗಿ ಕೂಡ್ತದ. ಹೊಡದವನ ಕೈ ಹೋಗ್ತದ."

"ಹಂಗಾರ ಕಡಿಮಿ ಹಾಕಿದ್ರ ಆತಲ್ಲ."

"ಭಾಳ ಕಡಿಮಿ ಆದ್ರ ಗುಂಡು ನಳಿಗ್ಯಾಗs ಸಿಕ್ಕೋತದ. ಹೊಡದವಗ ಗೊತ್ತಾಗೂದಿಲ್ಲ. ಮತ್ತೊಂದು ಹೊಡೀತಾನ. ಆವಾಗೂ ಕೈ ಹೋಗ್ತದ."

ನಾನು ಧೈರ್ಯ ಮಾಡಿ, "ನಾವು ಸಾರಿಗೆ ಉಪ್ಪು ಕಣ್ಣಂದಾಜಿನಾಗ ಹಾಕ್ತೀವ್ರಿ" ಎಂದೆ.

"ನಿಮ್ಮ ಸಾರು ಸಿಡಿಯಂಗಿಲ್ಲ ವೈನಿ. ಉಪ್ಪಾದ್ರ ಬೈಸ್ಕೊಂಡು ಮುಗೀತದ."

ಅವರದೊಂದು ಪದ್ಧತಿಯಿತ್ತು. ಪುಸ್ತಕದಲ್ಲಿ ಇಷ್ಟು ಮದ್ದು ಎಂದಿದ್ದರೆ ಅವರು ಅಲ್ಲಿ ಬರೆದ ಕನಿಷ್ಠದಿಂದಲೇ ಶುರು ಮಾಡುತ್ತಿದ್ದರು, ಮೇಲೆ ಹೋಗಲು ಅವಸರವೇ ಇಲ್ಲ. ಇನ್ನೊಬ್ಬರು ಬಾಯಲ್ಲಿ ಹೇಳಿದ ಅಳತೆಯನ್ನು ಕಿವಿಗೂ ಹಾಕಿಕೊಳ್ಳುತ್ತಿರಲಿಲ್ಲ. ಹೊಸದಾಗಿ ಯಾವುದನ್ನೇ ಮಾಡಲಿ, ಮೊದಲ ಗುಂಡು ಅವರದೇ. ಕ್ಲಬ್ಬಿಗೆ ಹೋಗಿ ತಾವೇ ಹಾರಿಸಿ, ಖಾಲಿ ಕಾಡತೂಸು ಸಲೀಸಾಗಿ ಹೊರಬಂತೋ, ಉಬ್ಬಿಕೊಂಡು ಅಂಟಿತೋ ಎಂದು ನೋಡಿ, ಆಮೇಲೇ ಬೇರೆಯವರ ಕೈಗೆ. ಮದುವೆ ಮನೆಯಲ್ಲಿ ಅಡಿಗೆಯವನು ಬಡಿಸುವ ಮೊದಲು ತಾನು ನಾಲಿಗೆಗೆ ಹಚ್ಚಿಕೊಳ್ಳುತ್ತಾನಲ್ಲ, ಹಾಗೆ.

ಇನ್ನು ರಿವಾಲ್ವರಿನ ಮಾತು. ನಿಮ್ಮ ಅಪ್ಪನ ಅಜ್ಜ ಉಡುಪಿ ಕಡೆಯಿಂದ ಬಂದು ಕ್ಯಾಂಪಿನಲ್ಲಿ ಹೋಟೆಲ್ ನಡೆಸಿದವರು. ಹೋಟೆಲಿಗೆ ಬರುತ್ತಿದ್ದ ಮಿಲಿಟರಿ ಅಧಿಕಾರಿಯೊಬ್ಬರಿಂದ ಪರವಾನಗಿಯ ಮೇಲೆ ಅದನ್ನು ಕೊಂಡಿದ್ದರು. ತೊಡೆಯ ಮೇಲಿಟ್ಟರೆ ಕೂಸಿನಷ್ಟು ಭಾರ. ಅವರು ಹೋದ ಮೇಲೆ ಪರವಾನಗಿ ನಿಮ್ಮ ಅಪ್ಪನ ಹೆಸರಿಗೆ ಬಂತು. ದೊಡ್ಡವನೇ, ನೀನು ಆಗ ನಿನ್ನ ಅಮ್ಮನ ಹೊಟ್ಟೆಯಲ್ಲಿದ್ದೆ. ನಿಮ್ಮ ಅಪ್ಪನಿಗೋ ಅಜ್ಜನ ರಿವಾಲ್ವರನ್ನು ಒಮ್ಮೆ ಕ್ಲಬ್ಬಿನಲ್ಲಿ ಹಾರಿಸಬೇಕೆಂಬ ಹಂಬಲ. ಅದರ ಹಳೆಯ ಕಾಡತೂಸುಗಳು ಈಗ ಎಲ್ಲೂ ಸಿಗುವುದಿಲ್ಲ. ಕ್ಯಾಂಪಿನ ಯಾವುದೋ ಅಂಗಡಿಯವನು ಬೇರೆ ಜಾತಿಯ ಕಾಡತೂಸು ತೋರಿಸಿ, "ಇದೇ ಕೂರ್ತದೆ" ಎಂದು ಕೊಟ್ಟಿದ್ದ. ಕೂತಿತು ಕೂಡ. ಭಾನುವಾರ ಕ್ಲಬ್ಬಿಗೆ ಹೋಗುವುದು ಎಂದಾಯಿತು. ಹೋಗುವ ಮೊದಲು ಮೇಲಿನವರಿಗೆ ತೋರಿಸೋಣ, ಖಾಲಿಯಾದ ಮೇಲೆ ಅವರೇ ತುಂಬಿ ಕೊಡಲಿ ಎಂದು ನಮ್ಮ ಮನೆಗೆ ಕರೆದರು.

ಅವರು ಬಂದು ಕಿಟಕಿಯ ಬೆಳಕಿಗೆ ಕೂತರು. ರಿವಾಲ್ವರ್ ಖಾಲಿ ಇದೆಯೆಂದು ನಿಮ್ಮ ಅಪ್ಪ ಹೇಳಿದರೂ ನಂಬದೆ ತಾವೇ ತೆರೆದು ನೋಡಿದರು. ಕಾಡತೂಸು ಕೂರುವ ಆರು ತೂತಿನ ಚಕ್ರ ಇರುತ್ತದೆ. ಅದರ ಹಿಂಬದಿಗೆ ಟಾರ್ಚ್ ಬಿಟ್ಟರು. ಬಿಟ್ಟವರು ಅಲುಗಲಿಲ್ಲ. ನಾನು ಚಹಾ ಇಟ್ಟು ಬಂದೆ, ಅದು ಆರಿತು. ಕಡೆಗೆ ತಲೆ ಎತ್ತಿ, "ಇದನ್ನ ಹೊಡೀಬ್ಯಾಡ್ರಿ" ಎಂದರು.

"ಯಾಕೆ ಮಾರಾಯ್ರೆ? ಸರಿ ಕೂರ್ತದಲ್ಲ?"

"ಕೂಡ್ತದ. ತಡಿಯಂಗಿಲ್ಲ. ಹಿಂದ ಯಾರೋ ಈ ಚಕ್ರದ ಬೆನ್ನ ಅರದಿಂದ ಸವರ್ಯಾರ, ಈ ಅಂಗಡಿ ಗುಂಡು ಕೂಡ್ಲಿ ಅಂತ. ಈ ಗುಂಡಿನ ಪ್ರೆಶರ್ ಹೆಚ್ಚು. ಇದು ಮೆತ್ತಗಿನ ಗುಂಡಿಗೆ ಮಾಡಿದ ರಿವಾಲ್ವರ್."

"ನಮ್ಮ ಅಜ್ಜ ಎಷ್ಟು ಸಲ ಹೊಡೆದಿರ್ಬಹುದು ಇದರಲ್ಲಿ. ಏನೂ ಆಗ್ಲಿಲ್ಲ ಅಲ್ವಾ?"

"ಆಗಿಲ್ಲ ಅಂದ್ರ ಆಗೂದಿಲ್ಲ ಅಂತ ಅಲ್ರಿ. ನನಗ ಕೊಟ್ಟ ಬಿಡ್ರಿ ಇದನ್ನ. ಕಾಗದಾ ಪತ್ರಾ ಎಲ್ಲಾ ಸರಿ ಮಾಡಿ ತಗೋತೀನಿ. ಇಲ್ಲಾ ಠಾಣೇದಾಗ ಒಪ್ಪಸ್ರಿ."

ಅವರು ಹೋದ ಮೇಲೆ ನಿಮ್ಮ ಅಪ್ಪ ಜೋರಾಗಿ ನಕ್ಕರು. "ಕಂಡ್ರಾ ಅತ್ತೆ? ಹೆದರಿಸಿ ಲಪಟಾಯಿಸುವ ಅಂದಾಜು! ಇಂಥ ಹಳೇ ಪೀಸ್ ಈಗ ಎಲ್ಲಿ ಸಿಗ್ತದೆ? ಭಾನುವಾರ ನಾನು ಹೊಡಿಯುದೇ."

ನನಗೂ ಹಾಗೇ ಅನಿಸಿತು. ಸರಕನ್ನು ಬೈದು ಕಡಿಮೆಗೆ ಕೇಳುವವರನ್ನು ಎಮ್ಮೆ ಸಂತೆಯಲ್ಲಿ ನೋಡಿ ಬೆಳೆದವಳು ನಾನು. ಆದರೆ ಒಂದು ಮಾತು ಹೊಂದಲಿಲ್ಲ. ಬೇಕೆನ್ನುವವನ ಕಣ್ಣು ವಸ್ತುವಿನ ಮೇಲೆ ಇರುತ್ತದೆ. ಇವರು ಮಾತು ಮುಗಿಯುವ ತನಕ ಅದರ ಕಡೆ ಮತ್ತೆ ನೋಡಲೇ ಇಲ್ಲ. ಎಡಗೈಯನ್ನು ಬಲಗೈ ಕೆಳಗೆ ಮುಚ್ಚಿಕೊಂಡು ಕೂತಿದ್ದರು. ಇವರು ಏನೋ ಬಚ್ಚಿಡುತ್ತಿದ್ದಾರೆ. ಏನನ್ನು? ಹೊಟ್ಟೆಯಲ್ಲಿ ಮಗು ಹೊತ್ತು ಓಡಾಡುತ್ತಿದ್ದ ನಿಮ್ಮ ಅಮ್ಮನನ್ನು ಕಂಡಾಗಲೆಲ್ಲ ನನಗೆ ಒಂದೇ ಯೋಚನೆ. ಅವರು ಹೇಳಿದ್ದು ನಿಜವಾಗಿದ್ದರೆ? ಭಾನುವಾರ ಸಂಜೆ ನಿಮ್ಮ ಅಪ್ಪ ಎರಡು ಕೈ, ಎರಡು ಕಣ್ಣು ಇಟ್ಟುಕೊಂಡು ಮನೆಗೆ ಬರದಿದ್ದರೆ?

ಶನಿವಾರ ಬೆಳಗ್ಗೆ ನಾನೊಬ್ಬಳೇ ಮೆಟ್ಟಿಲು ಹತ್ತಿ ಹೋದೆ. ಹಾಗೆ ಒಬ್ಬಳೇ ಹೋದದ್ದು ಅದೇ ಮೊದಲು. ಅವರು ತೆಗೆದ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊಸ್ತಿಲಿನ ಹೊರಗೇ ನಿಂತೆ.

"ನಿಮಗ ಆ ರಿವಾಲ್ವರ್ ಬೇಕಾಗೇದ ಏನ್ರಿ? ಖರೆ ಹೇಳ್ರಿ. ನನ್ನ ಮಗಳು ಬಸರಿ ಅದಾಳ."

ಅವರು ಕೈಯಲ್ಲಿದ್ದ ಟಾರ್ಚನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಎಡಗೈ ಮುಂದೆ ಚಾಚಿದರು. "ನಾ ಎಡಚ ವೈನಿ. ಅರ ಹಿಡದು ಉಜ್ಜಿದ್ರ ಎಲ್ಲಾರ ಗೆರಿ ಒಂದ ಕಡೆ ಇಳದ್ರ ನನ್ನ ಗೆರಿ ಇನ್ನೊಂದ ಕಡೆ ಇಳೀತಾವ. ಆ ಚಕ್ರದ ಹಿಂದ ಅದಾವಲ್ಲ, ಅವು ನನ್ನ ಗೆರಿ."

ಹರೆಯದಲ್ಲಿ ಕ್ಯಾಂಪಿನ ಬಂದೂಕು ರಿಪೇರಿ ಅಂಗಡಿಯೊಂದರಲ್ಲಿ ಅವರು ಕೆಲಸಕ್ಕಿದ್ದರು. ಹಳೆಯ ಕಾಡತೂಸು ಸಿಗದಾದಾಗ ಗಿರಾಕಿಗಳು ಬಂದು, ಸಿಗುವ ಕಾಡತೂಸು ಕೂರುವ ಹಾಗೆ ಮಾಡಿಕೊಡಿ ಎನ್ನುತ್ತಿದ್ದರು. ಮಾಲೀಕ ಸವರು ಎಂದ, ಇವರು ಸವರಿದರು. "ಕೂತದ್ದು ತಡೀತದ ಅಂತ ತಿಳಕೊಂಡಿದ್ವಿ. ನಮಗ ಯಾರೂ ಹೇಳಲಿಲ್ಲ, ನಾವು ಯಾರನ್ನೂ ಕೇಳಲಿಲ್ಲ." ಅಂಥದ್ದೊಂದು ಗಿರಾಕಿಯ ಕೈಯಲ್ಲೇ ಒಡೆಯಿತು. ಆತನ ಎರಡು ಬೆರಳು, ಒಂದು ಕಣ್ಣು ಹೋದವು. ಆ ಚಕ್ರದ ಚೂರನ್ನು ಅಂಗಡಿಗೆ ತಂದಾಗ ಅದರ ಮೇಲೆ ಇವರು ಕಂಡದ್ದು ಇದೇ ಗೆರೆಗಳನ್ನು. ಅಂದೇ ಅರ ಕೆಳಗಿಟ್ಟರು. ಮದ್ದು, ಒತ್ತಡ, ತೂಕ ಎಂದು ಪುಸ್ತಕ ಹಿಡಿದು ಕೂತದ್ದು ಅದಾದ ಮೇಲೆ.

"ಇದನ್ನ ಅವರಿಗೆ ಯಾಕ ಹೇಳಲಿಲ್ರಿ?"

"ಹೇಳಿದ್ರ ನನ್ನ ಮಾತು ಯಾರ್ ನಂಬ್ತಾರ?"

"ಹೇಳದs ಯಾರ್ ನಂಬ್ಯಾರ?" ಎಂದೆ. ಇಷ್ಟು ಚುರುಕಾದ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ತಿಳಿಯದು.

ಮಧ್ಯಾಹ್ನ ಅವರು ನಮ್ಮ ಅಡುಗೆಮನೆಯಲ್ಲಿ ಕೂತು ನಿಮ್ಮ ಅಪ್ಪನಿಗೆ ಎಲ್ಲವನ್ನೂ ಹೇಳಿದರು. ಗೆರೆ ತೋರಿಸಿದರು. ನನ್ನ ಚಾಕು ಮಸೆಯುವ ಅರದಿಂದ ಹಳೆಯ ಕೀಲಿಯೊಂದನ್ನು ಎಡಗೈಯಲ್ಲಿ ಉಜ್ಜಿ ಪಕ್ಕದಲ್ಲಿಟ್ಟರು. ಎರಡರ ಗೆರೆಗಳೂ ಒಂದೇ ಕಡೆ ಇಳಿದಿದ್ದವು.

ನಿಮ್ಮ ಅಪ್ಪನ ಮುಖ ಕಪ್ಪಿಟ್ಟಿತು. "ಅಂದ್ರೆ ಇದನ್ನು ಹಾಳು ಮಾಡಿದ್ದೇ ನೀವು. ಇನ್ನು ನಿಮ್ಮನ್ನು ಎಂತ ನಂಬುದು?"

"ನಂಬಬ್ಯಾಡ್ರಿ. ಅದನ್ನs ನಾ ಹೇಳಾಕತ್ತೀನಿ. ನನ್ನನ್ನೂ ನಂಬಬ್ಯಾಡ್ರಿ, ಅಂಗಡ್ಯಾವನ್ನೂ ನಂಬಬ್ಯಾಡ್ರಿ. ಮೆತ್ತಗಿನ ಗುಂಡು ಮಾಡಿ ಹೊಡದ ನೋಡೂಣು, ನಿಮ್ಮ ಕೈಲೆ ಅಲ್ಲ."

ಅಂಗಡಿಯ ಕಾಡತೂಸಿನ ಡಬ್ಬಿ ಅಂದೇ ಅಂಗಡಿಗೆ ವಾಪಸು ಹೋಯಿತು. ಆ ಭಾನುವಾರ ಯಾರೂ ಕ್ಲಬ್ಬಿಗೆ ಹೋಗಲಿಲ್ಲ. ಮೇಲಿನವರು ಚಕ್ರವನ್ನೂ ನಳಿಗೆಯನ್ನೂ ಎಷ್ಟೋ ಸಲ ಅಳೆದರು, ಇನ್ನೊಬ್ಬ ರಿಪೇರಿಯವರಿಗೂ ತೋರಿಸಿದರು. ಆ ಹಳೆಯ ರಿವಾಲ್ವರಿಗೆಂದೇ ಪುಸ್ತಕದಲ್ಲಿ ಹೇಳಿದ ಅತಿ ಮೆತ್ತಗಿನ ಅಳತೆಯಲ್ಲಿ, ಆದರೆ ಗುಂಡು ನಳಿಗೆಯಲ್ಲಿ ಸಿಕ್ಕದಂತೆ, ಕ್ಲಬ್ಬಿನಿಂದ ತಂದ ಅದೇ ಜಾತಿಯ ಖಾಲಿ ಕಾಡತೂಸುಗಳಲ್ಲಿ ಒಂದು ಹಿಡಿ ತುಂಬಿದರು.

ಕ್ಲಬ್ಬು ಊರ ಹೊರಗೆ, ಕೊಂಢವಾ ಬಡಾವಣೆಯ ಆಚೆ, ಗುಡ್ಡದ ಬುಡದಲ್ಲಿ. ನಾನೂ ಹೋದೆ. ಬೇಡವೆಂದರೂ ಕಾರಿನಲ್ಲಿ ಹತ್ತಿ ಕೂತೆ. ರಿವಾಲ್ವರನ್ನು ಭಾರದ ಚೌಕಟ್ಟಿಗೆ ಬಿಗಿದು, ಬೆರಳಿನಿಂದ ಎಳೆಯುವ ಕುದುರೆಗೆ ದಾರ ಕಟ್ಟಿ, ಎಲ್ಲರನ್ನೂ ಗೋಡೆಯ ಹಿಂದೆ ನಿಲ್ಲಿಸಿ ಅವರು ದಾರ ಎಳೆದರು. ಢಂ ಎನ್ನಲಿಲ್ಲ, ಕೆಮ್ಮಿತು. ಕ್ಲಬ್ಬಿನ ಹುಡುಗರು ನಕ್ಕರು. "ಆಜೋಬಾಂನಾ ಖೋಕಲಾ ಝಾಲಾ" ಎಂದ ಒಬ್ಬ, ಅಜ್ಜನಿಗೆ ಕೆಮ್ಮು ಎಂದು. ಅವರು ಕಿವಿಗೊಡದೆ ಖಾಲಿ ಕಾಡತೂಸನ್ನು ಬೆರಳಿನಿಂದ ತಳ್ಳಿ ನೋಡಿದರು. ಸಲೀಸಾಗಿ ಬಂತು. ನಳಿಗೆಗೆ ಟಾರ್ಚ್ ಬಿಟ್ಟರು. ಹೀಗೆ ಆರೂ ತೂತುಗಳನ್ನು ದಾರದಿಂದ ಪರೀಕ್ಷಿಸಿ, ಆಮೇಲೆ ಬಿಚ್ಚಿ ಎಡಗೈಗೆ ತೆಗೆದುಕೊಂಡರು. ನಾನು ಕಣ್ಣು ಮುಚ್ಚಿದೆ. ಕೆಮ್ಮು ಕೇಳಿಸಿತು. ತೆರೆದಾಗ ಅವರು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. "ಈಗ ನಿಮ್ಮದು" ಎಂದು ನಿಮ್ಮ ಅಪ್ಪನಿಗೆ ಕೊಟ್ಟರು.

ಆಮೇಲೆ ವರ್ಷಕ್ಕೊಮ್ಮೆ ದೊಡ್ಡವನ ಹುಟ್ಟುಹಬ್ಬದ ಆಸುಪಾಸಿನಲ್ಲಿ ಇಬ್ಬರೂ ಹೋಗುವುದು ರೂಢಿಯಾಯಿತು. ಪ್ರತಿ ಸಲವೂ ಮೊದಲ ಗುಂಡು ಅವರದೇ. ನಿಮ್ಮ ಅಪ್ಪ, "ಎಂತ ಮಾರಾಯ್ರೆ, ಇನ್ನೂ ಅನುಮಾನವಾ?" ಎಂದು ಕಾಲೆಳೆದರೆ, "ಹೋದ ವರ್ಷದ್ದು ಹೋದ ವರ್ಷಕ್ಕ" ಎನ್ನುತ್ತಿದ್ದರು.

ಈ ಸಲದ ಕಾಡತೂಸುಗಳನ್ನೂ ಅವರು ಮಾಡಿಟ್ಟಿದ್ದರು. ಹಾರಿಸಿ ನೋಡುವ ಮೊದಲೇ ಹಾಸಿಗೆ ಹಿಡಿದರು. ಅವನ್ನು ಮಾಡುವಾಗಲೇ ಅವರ ಕೈ ನಡುಗಲು ಹತ್ತಿತ್ತು. ಗಂಜಿ ಕೊಡಲು ಹೋದಾಗ ನನ್ನನ್ನು ಕರೆದು, "ವೈನಿ, ಬಿಸ್ಕತ್ತಿನ ಡಬ್ಬಿಯೊಳಗಿಂದು ನಾ ಹೊಡದಿಲ್ಲ. ನೆನಪಿಡ್ರಿ" ಎಂದರು. ಅಷ್ಟೇ. ಗಂಜಿಯನ್ನು ಮಾತ್ರ ಮೂಸದೆ ಕುಡಿದರು. ಆಗ ನನಗೆ ಗೊತ್ತಾಯಿತು, ಇವರು ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು.

ಅವರ ಸಾಮಾನನ್ನೆಲ್ಲ ಲೈಸೆನ್ಸಿನವರು ಬಂದು ಒಯ್ದರು. ಡಬ್ಬಿ ನಿಮ್ಮ ಅಪ್ಪನ ಲೆಕ್ಕದ್ದೆಂದು ನಮ್ಮ ಕೈಗೆ ಬಂತು. ಹೋದ ಗುರುವಾರ ನಿಮ್ಮ ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಅತ್ತೆ, ಅವರ ನೆನಪಿಗೆ ಒಂದೇ ಒಂದು ಹೊಡೆದು ಬರ್ತೇನೆ. ಅವರು ಮಾಡಿದ್ದು ಅಲ್ವಾ? ತಪ್ಪಿರ್ಲಿಕ್ಕಿಲ್ಲ."

ಅಳಿಯಂದಿರ ಎದುರು ನಾನು ಎಂದೂ ದನಿ ಎತ್ತಿದವಳಲ್ಲ. ಬಾಗಿಲಿಗೆ ಅಡ್ಡ ನಿಂತೆ. "ಕೈ ನಡಗೂವಾಗ ಮಾಡಿದ್ದು ಅದು. ಅವರs ನಂಬಿರಲಿಲ್ಲ. ನೀವು ಯಾಕ ನಂಬ್ತೀರಿ?"

ನಿಮ್ಮ ಅಪ್ಪ ನನ್ನ ಮುಖ ನೋಡಿದರು. ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. ರಿವಾಲ್ವರಿನ ಚೀಲವನ್ನೂ ಬೀರುವಿನಿಂದ ತೆಗೆದರು. ಇನ್ನು ಅದಕ್ಕೆ ಗುಂಡು ತುಂಬಿ, ಮೊದಲು ತಮ್ಮ ಕೈಯಿಂದ ಹೊಡೆದು ಕೊಡುವವರು ಯಾರಿದ್ದಾರೆ? ಮರುದಿನ ಎರಡನ್ನೂ ಠಾಣೆಗೆ ಒಪ್ಪಿಸಿ, ಬರಿಗೈಯಲ್ಲಿ ಮನೆಗೆ ಬಂದು ಊಟಕ್ಕೆ ಕೂತರು. ಎರಡು ಕೈ, ಹತ್ತು ಬೆರಳು. ನೀವು ಕಿಟಕಿಯಿಂದ ಕಂಡದ್ದು ಇದನ್ನೇ.

ಅವರ ಟಾರ್ಚನ್ನು ಮಾತ್ರ ನಾನು ಕೇಳಿ ಇಟ್ಟುಕೊಂಡಿದ್ದೇನೆ. ಇವತ್ತು ಬೇಳೆಗೆ ಇಡುವ ಮೊದಲು ಕುಕ್ಕರಿನ ಮುಚ್ಚಳ ಎತ್ತಿ, ತೂತಿಗೆ ಬೆಳಕು ಬಿಟ್ಟು ನೋಡಿದೆ. ಸ್ವಚ್ಛವಾಗಿತ್ತು. ನಿನ್ನೆಯೂ ಸ್ವಚ್ಛವಾಗಿತ್ತು. ಆದರೂ ಇನ್ನೊಮ್ಮೆ ನೋಡಿ, ಆಮೇಲೆ ಒಲೆ ಹಚ್ಚಿದೆ.